ಗೋಲ್ಡ್‌ಫಿಶ್, ಏಂಜೆಲ್, ಫೈಟರ್ ಎಲ್ಲಾ ಒಂದೇ ಟ್ಯಾಂಕಿನಲ್ಲಿ ಇರ್ತಾವಾ? ಒಂಬತ್ತು ದಿನಕ್ಕೇ ಸೋತು ಕೇಳ್ತಿದ್ದೇನೆ

ಗುಮ್ಮಟದ ನೆರಳು, ವಿಜಯಪುರ
ಎಲ್ಲರಿಗೂ ನಮಸ್ಕಾರ್ರೀ. ಮೀನು ಸಾಕುವುದರಲ್ಲಿ ನಾನು ಪೂರ್ತಿ ಹೊಸಬ. ಮಗಳ ಹುಟ್ಟುಹಬ್ಬಕ್ಕೆ ಅಂತ 2 ಅಡಿ ಟ್ಯಾಂಕ್ ತಂದೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಅಂಗಡಿಯಲ್ಲಿ ಮಗಳು ಬೆರಳು ತೋರಿಸಿದ್ದೆಲ್ಲಾ ಕವರಿಗೆ ಬಿತ್ತು. ಗೋಲ್ಡ್‌ಫಿಶ್ 4, ಏಂಜೆಲ್ 2, ನಿಯಾನ್ ಟೆಟ್ರಾ 6, ನೀಲಿ ಫೈಟರ್ 1, ಬೆಳ್ಳಿ ಬಣ್ಣದ ಶಾರ್ಕ್ 2, ಮತ್ತೆ ಗಾಜು ಸ್ವಚ್ಛ ಮಾಡ್ತದೆ ಅಂತ ಒಂದು ಸಕ್ಕರ್. "ಎಲ್ಲಾ ಒಟ್ಟಿಗೇ ಇರ್ತಾವ್ರೀ, ಏನೂ ಆಗಲ್ಲ" ಅಂದರು. ನಾನೂ ನಂಬಿದೆ.

ಇವತ್ತಿಗೆ ಒಂಬತ್ತು ದಿನ. ನಿಯಾನ್ ಮೂರೇ ಉಳಿದಿವೆ, ಉಳಿದ ಮೂರರ ಹೆಣ ಕೂಡ ಸಿಕ್ಕಿಲ್ಲ, ಹರಳೆಲ್ಲಾ ಕೆದರಿ ನೋಡಿದೆ. ಒಂದು ಗೋಲ್ಡ್‌ಫಿಶ್ ಸತ್ತಿದೆ, ಇನ್ನೊಂದು ಮೇಲೆ ಬಂದು ಬಾಯಿ ತೆರೆದು ತೆರೆದು ಗಾಳಿ ನುಂಗ್ತಿದೆ. ಫೈಟರಿನ ಬಾಲ ಹರಿದ ಪರದೆ ಆಗಿದೆ. ನಮ್ಮಲ್ಲಿ ನಳ ದಿನಾ ಬರುವುದಿಲ್ಲ, ಬೋರಿನ ನೀರೇ ಹಾಕಿದ್ದೇನೆ. ಮನೆಯವರು "ಎಲ್ಲಾ ವಾಪಸ್ ಕೊಟ್ಟು ಬನ್ನಿ" ಅಂತಿದ್ದಾರೆ, ಮಗಳು ಅಳ್ತಿದ್ದಾಳೆ. ಯಾವುದನ್ನು ಇಡಲಿ, ಯಾವುದನ್ನು ತೆಗೆಯಲಿ?

ಬಾವಡಿ ಮೀನು, ವಿಜಯಪುರ
ಅಣ್ಣಾ, ನೀವು ಟ್ಯಾಂಕ್ ಇಟ್ಟಿಲ್ಲ, ಸಂತೆ ಇಟ್ಟಿದ್ದೀರಿ 😄

ನಿಯಾನ್ ಹರಳಿನಲ್ಲಿ ಹುಡುಕಬೇಡಿ, ಏಂಜೆಲ್ ಹೊಟ್ಟೆಯಲ್ಲಿ ಹುಡುಕಿ. ಅದರ ಹೆಸರು ನೋಡಿ ದೇವತೆ ಅಂದ್ಕೊಳ್ಳಬೇಡಿ, ಅದು ಸಿಕ್ಲಿಡ್ ಜಾತಿ. ಬಾಯಿಗೆ ಹಿಡಿಸುವ ಮೀನೆಲ್ಲಾ ಅದಕ್ಕೆ ಊಟ. ರಾತ್ರಿ ಲೈಟ್ ಆರಿಸಿದ ಮೇಲೆ ನಿಯಾನ್ ಮಂಕಾಗಿ ಒಂದೇ ಕಡೆ ನಿಲ್ಲುತ್ತವೆ, ಆಗ ಏಂಜೆಲ್ ನುಂಗುತ್ತದೆ, ಬೆಳಿಗ್ಗೆ ನೀವು ಎಣಿಸುತ್ತೀರಿ.

ನವನಗರ ನೀರು, ಬಾಗಲಕೋಟೆ
ನಿಯಾನ್ ವಿಷಯ ಸರಿ. ಆದರೆ ಗೋಲ್ಡ್‌ಫಿಶ್ ಸತ್ತದ್ದಕ್ಕೆ ಏಂಜೆಲ್ ಕಾರಣ ಅಲ್ಲ. ಸರ್, ಮೊದಲು ಎರಡು ವಿಷಯ ಹೇಳಿ. ನೀರು ತುಂಬಿದ ದಿನವೇ ಮೀನು ಬಿಟ್ಟಿರಾ? ಇಷ್ಟು ದಿನದಲ್ಲಿ ಫಿಲ್ಟರ್ ಯಾರಾದರೂ ಮುಟ್ಟಿದರಾ?

ಗುಮ್ಮಟದ ನೆರಳು, ವಿಜಯಪುರ
ನೀರು ತುಂಬಿ ಒಂದು ಗಂಟೆಗೆ ಬಿಟ್ಟೆ. ಐದನೇ ದಿನ ನೀರು ಮಸುಕಾಗಿತ್ತು, ನಾನು ಡ್ಯೂಟಿಗೆ ಹೋದಾಗ ನಮ್ಮ ತಾಯಿ ಫಿಲ್ಟರಿನ ಸ್ಪಂಜು ತೆಗೆದು ಬಟ್ಟೆ ಸಾಬೂನು ಹಚ್ಚಿ, ಮಸ್ತ್ ತೊಳೆದು, ಬಿಸಿಲಿಗೆ ಒಣಹಾಕಿ, ಸಂಜೆ ವಾಪಸ್ ಹಾಕಿದ್ದಾರೆ. ಪಾಪ, ಒಳ್ಳೆಯದಕ್ಕೇ ಮಾಡಿದ್ದು.

ನವನಗರ ನೀರು, ಬಾಗಲಕೋಟೆ
ಅಲ್ಲಿಗೆ ಅರ್ಧ ಕಥೆ ಗೊತ್ತಾಯಿತು. ನಿಮ್ಮ ಟ್ಯಾಂಕಿನಲ್ಲಿ ಜಗಳಕ್ಕಿಂತ ಮೊದಲು ವಿಷ ಇದೆ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ತಿನ್ನದೆ ಉಳಿದ ಫುಡ್ ಕೊಳೆತರೂ ಅಮೋನಿಯಾ. ಕೆರೆಯಲ್ಲಿ ಇದು ಲೆಕ್ಕಕ್ಕಿಲ್ಲ, ಆದರೆ ನಿಮ್ಮ 2 ಅಡಿ ಟ್ಯಾಂಕಿನಲ್ಲಿ ಹರಳು ಕಳೆದರೆ 50 ಲೀಟರ್ ನೀರು ಇದ್ದರೆ ಹೆಚ್ಚು. ಒಂದು ಥರದ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಥರದ್ದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ, ನೈಟ್ರೇಟ್ ಅಷ್ಟು ತೊಂದರೆ ಕೊಡುವುದಿಲ್ಲ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ, ಹರಳಿನಲ್ಲಿ ಬೆಳೆಯುವುದಕ್ಕೆ 4ರಿಂದ 6 ವಾರ ಬೇಕು. ನೀವು ಒಂದು ಗಂಟೆ ಕೊಟ್ಟಿರಿ, ಅಮ್ಮ ಬಂದಷ್ಟನ್ನೂ ಸಾಬೂನಿಗೆ ಕಳಿಸಿದರು.

ಇನ್ನೊಂದು ವಿಷಯ ನಮ್ಮ ಕಡೆ ಮಂದಿಗೆ ಗೊತ್ತೇ ಇರುವುದಿಲ್ಲ. ಬೋರಿನ ನೀರಿನ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ, ಜಾಸ್ತಿ ಇರುತ್ತದೆ. ಅಷ್ಟೇ ಅಮೋನಿಯಾ ಇದ್ದರೂ ಪಿಎಚ್ 7ರಿಂದ 8ಕ್ಕೆ ಹೋದರೆ ಅದರಲ್ಲಿ ಮೀನನ್ನು ಕೊಲ್ಲುವ ಪಾಲು ಸುಮಾರು ಹತ್ತು ಪಟ್ಟು ಆಗುತ್ತದೆ. ಅದಕ್ಕೇ ಬೇರೆ ಊರಿನವರು "ನಾವೂ ಹಾಗೇ ಬಿಟ್ಟಿದ್ವಿ, ಏನೂ ಆಗಿಲ್ಲ" ಅಂದರೆ ನಮ್ಮ ಊರಿಗೆ ಆ ಮಾತು ಹೊಂದುವುದಿಲ್ಲ.

ಈಗಿಂದೀಗ ಮೂರನೇ ಒಂದು ಭಾಗ ನೀರು ಬದಲಾಯಿಸಿ, ನಾಳೆ ಮತ್ತೆ ಅಷ್ಟು. ಎರಡು ದಿನ ಫುಡ್ ಬೇಡ, ಸಾಯುವುದಿಲ್ಲ. ಏರ್ ಪಂಪ್ ಜೋರಾಗಿ ಬಿಡಿ. ಹಳೇ ಟ್ಯಾಂಕ್ ಇರುವವರು ಹತ್ತಿರ ಇದ್ದರೆ ಅವರ ಫಿಲ್ಟರಿನ ಕೊಳೆ ಸ್ಪಂಜು ಒಂದು ತುಂಡು ತಂದು ನಿಮ್ಮ ಫಿಲ್ಟರಿನಲ್ಲಿ ಇಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅಷ್ಟೇ.

ಬಾವಡಿ ಮೀನು, ವಿಜಯಪುರ
ಹೆಪ್ಪು ನಾನು ಕೊಡ್ತೀನಿ. ನನ್ನದು ಮೂರು ವರ್ಷದ ಟ್ಯಾಂಕ್, ಸ್ಪಂಜು ನೋಡಿದರೆ ಊಟ ಸೇರುವುದಿಲ್ಲ, ಅಷ್ಟು ಚಲೋ ಇದೆ. ಸಂಜೆ ಬನ್ನಿ, ಡಬ್ಬಿ ತನ್ನಿ, ಒಣಗಿಸದೆ ಹಸಿಯಾಗಿಯೇ ಒಯ್ಯಬೇಕು.

ಕುಂದಾ ಪ್ರಿಯ, ಬೆಳಗಾವಿ
ವಿಷ ಎಲ್ಲಾ ಸರಿ, ಆದರೆ ಕೇಳಿದ ಪ್ರಶ್ನೆಗೂ ಉತ್ತರ ಕೊಡೋಣ. ನೀರು ಹದಕ್ಕೆ ಬಂದ ಮೇಲೂ ಈ ಮೀನುಗಳು ಒಟ್ಟಿಗೆ ಬಾಳುವುದಿಲ್ಲ, ಯಾಕೆಂದರೆ ಇವುಗಳ ಹವಾಮಾನವೇ ಬೇರೆ. ಗೋಲ್ಡ್‌ಫಿಶ್ ತಂಪು ನೀರಿನ ಮೀನು, 18ರಿಂದ 22 ಡಿಗ್ರಿಯಲ್ಲಿ ಆರಾಮ. ಏಂಜೆಲ್ ಮತ್ತು ಫೈಟರಿಗೆ 25–28 ಬೇಕು. ನಾನು ಬೆಳಗಾವಿ ಚಳಿಯಲ್ಲಿ ಹೀಟರ್ ಇಲ್ಲದೆ ಏಂಜೆಲ್ ಇಟ್ಟು ಬಿಳಿ ಚುಕ್ಕೆ ರೋಗ ಬರಿಸಿಕೊಂಡವನು, ಮೈ ಮೇಲೆ ರವೆ ಉದುರಿಸಿದ ಹಾಗೆ ಆಗುತ್ತದೆ, ಒಂದಕ್ಕೆ ಬಂದರೆ ಟ್ಯಾಂಕಿಗೆಲ್ಲಾ ಬರುತ್ತದೆ. ಹೀಟರ್ ಹಾಕಿದರೆ ಗೋಲ್ಡ್‌ಫಿಶ್ ಏದುಸಿರು ಬಿಡುತ್ತದೆ, ತೆಗೆದರೆ ಏಂಜೆಲ್ ನಡುಗುತ್ತದೆ. ಇಬ್ಬರು ಅತ್ತೆಯರನ್ನು ಒಂದೇ ಫ್ಯಾನಿನ ಕೆಳಗೆ ಮಲಗಿಸಿದ ಹಾಗೆ.

ಜೊತೆಗೆ ಗೋಲ್ಡ್‌ಫಿಶ್ ಭಾಳ ಗಲೀಜು. ದಿನವಿಡೀ ತಿನ್ನುತ್ತದೆ, ದಿನವಿಡೀ ಹೊಲಸು ಮಾಡುತ್ತದೆ. ಸಾದಾ ಗೋಲ್ಡ್‌ಫಿಶ್ ಚೆನ್ನಾಗಿ ಸಾಕಿದರೆ 20 ಸೆಂಟಿಮೀಟರ್ ದಾಟುತ್ತದೆ, ಹತ್ತು ವರ್ಷಕ್ಕಿಂತ ಜಾಸ್ತಿ ಬದುಕುತ್ತದೆ. 2 ಅಡಿ ಡಬ್ಬಿಯಲ್ಲಿ ನಾಲ್ಕು ಅಂದರೆ ಹೇಗ್ರೀ?

ನಾಲ್ಕಡಿ ಟ್ಯಾಂಕ್, ವಿಜಯಪುರ
ಸುಮ್ನೆ ಹೆದರಿಸಬೇಡ್ರೀ ಹೊಸಬರನ್ನ. ನಮ್ಮ ಮನೆಯಲ್ಲಿ 4 ಅಡಿ ಟ್ಯಾಂಕಿನಲ್ಲಿ ಏಂಜೆಲ್, ನಿಯಾನ್, ಗೌರಾಮಿ, ಎರಡು ಗೋಲ್ಡ್‌ಫಿಶ್ ಎಲ್ಲಾ ಒಟ್ಟಿಗೆ ಇವೆ. ಎರಡು ವರ್ಷದಿಂದ. ಒಂದು ನಿಯಾನ್ ಕೂಡ ಮಾಯ ಆಗಿಲ್ಲ. ಪಿಎಚ್ ಅನ್ನುವುದನ್ನು ನಾನು ಇವತ್ತಿನವರೆಗೆ ಅಳೆದಿಲ್ಲ. ಹೊಟ್ಟೆ ತುಂಬಾ ಹಾಕಿದರೆ ಯಾರೂ ಯಾರನ್ನೂ ತಿನ್ನುವುದಿಲ್ಲ, ಮನುಷ್ಯರ ಹಾಗೇ.

ಕುಂದಾ ಪ್ರಿಯ, ಬೆಳಗಾವಿ
ನಿಮ್ಮ ಏಂಜೆಲ್ ಬಂದಾಗ ಎಷ್ಟು ದೊಡ್ಡವಿದ್ದವು?

ನಾಲ್ಕಡಿ ಟ್ಯಾಂಕ್, ವಿಜಯಪುರ
ಎಂಟಾಣೆ ಅಷ್ಟು. ನಿಯಾನ್ ಮೊದಲೇ ದೊಡ್ಡವಾಗಿ ಇದ್ದವು.

ಕುಂದಾ ಪ್ರಿಯ, ಬೆಳಗಾವಿ
ಅದೇ ಕಾರಣ ಕಾಕಾ. ಸಣ್ಣದರಿಂದ ಜೊತೆಗೇ ಬೆಳೆದ ಏಂಜೆಲ್ ದೊಡ್ಡ ನಿಯಾನನ್ನು ಊಟ ಅಂತ ನೋಡುವುದು ಕಡಿಮೆ. ದೊಡ್ಡ ಏಂಜೆಲ್ ತಂದು ಬಿಟ್ಟರೆ ಕಥೆ ಬೇರೆ. ಮತ್ತೆ ನಿಮ್ಮದು 250 ಲೀಟರ್ ಹತ್ತಿರ ನೀರು, ಓಡಿ ಹೋಗಿ ಬಚ್ಚಿಟ್ಟುಕೊಳ್ಳುವುದಕ್ಕೆ ಜಾಗ ಇದೆ. ಅವರದು ಅದರ ಐದನೇ ಒಂದು ಭಾಗ. ಎರಡು ವರ್ಷ ಏನೂ ಆಗಿಲ್ಲ ಅಂದರೆ ಆಗುವುದಿಲ್ಲ ಅಂತಲ್ಲ.

ನಾಲ್ಕಡಿ ಟ್ಯಾಂಕ್, ವಿಜಯಪುರ
ಆಯ್ತು ತಮ್ಮಾ, ನೀನೇ ಗೆದ್ದೆ. ಗುಮ್ಮಟದವರೇ, ನಿಮ್ಮ ಏಂಜೆಲ್, ನಿಯಾನ್ ನನಗೆ ಕೊಡಿ. ಹೇಗೆ ಬಾಳ್ತಾವೆ ತೋರಿಸ್ತೀನಿ.

ಟೀಚರಕ್ಕ, ಜಮಖಂಡಿ
ಫೈಟರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಶಾಲೆಯ ಮಕ್ಕಳಿಗೆ ತೋರಿಸಲಿಕ್ಕೆ ಅಂತ ನಾನು ಗಂಡು ಗಪ್ಪಿಗಳ ಜೊತೆ ಒಂದು ಫೈಟರ್ ಬಿಟ್ಟಿದ್ದೆ. ಗಪ್ಪಿಯ ಬಣ್ಣದ ಬೀಸಣಿಗೆ ಬಾಲ ನೋಡಿ ಅದು ಇನ್ನೊಂದು ಫೈಟರ್ ಅಂತ ತಿಳಿದು ಮಧ್ಯಾಹ್ನದ ಊಟದ ಗಂಟೆ ಹೊಡೆಯುವುದರೊಳಗೆ ಎರಡು ಗಪ್ಪಿಯನ್ನು ಬೋಳು ಮಾಡಿತ್ತು. ಒಂದು ಹುಡುಗಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಇವರ ಮನೆಯಲ್ಲಿ ಉಲ್ಟಾ ಆಗಿರಬೇಕು. ಫೈಟರ್ ಉದ್ದ ಬಾಲ ಹೊತ್ತು ನಿಧಾನ ಈಜುತ್ತದೆ, ಏಂಜೆಲ್ ಅಂಥವು ಅದನ್ನು ಹರಿಯುತ್ತವೆ. ಬಾಲ ಕಚ್ಚುವ ಟೈಗರ್ ಬಾರ್ಬ್ ಮೀನು ಇದ್ದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಅದನ್ನು ಬೇರೆ ಇಡಿ. ಆದರೆ ಅಂಗಡಿಯಲ್ಲಿ ಇಡುವ ಹಾಗೆ ಚಹಾ ಲೋಟದಲ್ಲಿ ಬೇಡ. ನೇರವಾಗಿ ಗಾಳಿ ಉಸಿರಾಡುವ ಅಂಗ ಅದಕ್ಕೆ ಇದೆ, ಅದಕ್ಕೇ ಲೋಟದಲ್ಲೂ ಸಾಯದೆ ಇರುತ್ತದೆ. ಅದನ್ನು ಬದುಕು ಅನ್ನಲಿಕ್ಕೆ ಬರುತ್ತದಾ? 15–20 ಲೀಟರ್ ಕೊಡಿ, ಮೇಲೆ ಮುಚ್ಚಳ ಇರಲಿ, ಜಿಗಿಯುತ್ತದೆ.

ಗುಮ್ಮಟದ ನೆರಳು, ವಿಜಯಪುರ
ಅಕ್ಕಾರೆ, ಓದಿದ ತಕ್ಷಣ ಫೈಟರ್ ಬೇರೆ ಮಾಡಿದೆ. ಗೋಲ್ಡ್‌ಫಿಶ್ ನೀರು ಬದಲಾಯಿಸಿದ ಮೇಲೆ ಕೆಳಗೆ ಇಳಿದಿದೆ. ಬಾವಡಿಯವರಿಂದ ಹೆಪ್ಪೂ ತಂದೆ, ತಾಯಿಗೆ ಸ್ಪಂಜು ಮುಟ್ಟಬೇಡ ಅಂತ ಕೈ ಮುಗಿದು ಹೇಳಿದ್ದೇನೆ. ಶಾರ್ಕ್ ಮತ್ತು ಸಕ್ಕರ್ ಇಟ್ಟುಕೊಳ್ಳಬಹುದಾ? ಅವು ಯಾರ ಗೊಡವೆಗೂ ಹೋಗ್ತಿಲ್ಲ.

ನವನಗರ ನೀರು, ಬಾಗಲಕೋಟೆ
ಈಗ ಹೋಗುವುದಿಲ್ಲ. ಆ ಬೆಳ್ಳಿ ಶಾರ್ಕ್ ಶಾರ್ಕೇ ಅಲ್ಲ, ಪಂಗಾಸ್ ಅನ್ನುವ ಕ್ಯಾಟ್‌ಫಿಶ್. ಹೋಟೆಲಿನಲ್ಲಿ ಬಾಸಾ ಅಂತ ಮುಳ್ಳಿಲ್ಲದ ತುಂಡು ಕೊಡ್ತಾರಲ್ಲ, ಅದೇ. ಮೀಟರ್ ಉದ್ದ ಬೆಳೆಯುವ ಜಾತಿ. ಟ್ಯಾಂಕಿನಲ್ಲಿ ಗಾಬರಿಯಾಗಿ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತದೆ.

ಸಕ್ಕರ್ ಕೂಡ ಹಾಗೇ, ಈಗ ಎರಡು ಬೆರಳು, ಆಮೇಲೆ ಒಂದು ಅಡಿ ದಾಟುತ್ತದೆ. ಗಾಜು ಸ್ವಚ್ಛ ಮಾಡುತ್ತದೆ ಅನ್ನುವುದು ಅರ್ಧ ಸತ್ಯ. ಅದು ಹಾಕುವ ಹಿಕ್ಕೆ ನೋಡಿದರೆ ಗಾಜು ನಾವೇ ಒರೆಸುವುದು ವಾಸಿ. ಹಸಿವಾದರೆ ರಾತ್ರಿ ಗೋಲ್ಡ್‌ಫಿಶ್ ಮೈಗೆ ಅಂಟಿಕೊಂಡು ಮೇಲಿನ ಲೋಳೆ ಹೀರುತ್ತದೆ, ಅಲ್ಲಿ ಗಾಯ ಆಗುತ್ತದೆ.

ಬಾವಡಿ ಮೀನು, ವಿಜಯಪುರ
ಸಕ್ಕರ್ ದೊಡ್ಡದಾದರೆ ಭೂತನಾಳ ಕೆರೆಗೆ ಬಿಟ್ಟರಾಯ್ತು. ನನ್ನ ಗೆಳೆಯ ಹಾಗೇ ಮಾಡಿದ.

ನವನಗರ ನೀರು, ಬಾಗಲಕೋಟೆ
ಬ್ಯಾಡ್ರೀ ಮಾರಾಯ್ರೇ! ಕೆರೆಗೂ ಬೇಡ, ಕಾಲುವೆಗೂ ಬೇಡ, ನಮ್ಮ ಹಿನ್ನೀರಿಗಂತೂ ಬೇಡವೇ ಬೇಡ. ಇದು ದಕ್ಷಿಣ ಅಮೆರಿಕದ ಮೀನು. ಮೈಯೆಲ್ಲಾ ಗಟ್ಟಿ ಕವಚ, ಮುಳ್ಳು. ಬಲೆಗೆ ಬಿದ್ದರೆ ಬಲೆ ಹರಿಯುತ್ತದೆ, ಮಾರಿದರೆ ಯಾರೂ ಕೊಳ್ಳುವುದಿಲ್ಲ, ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ತೆಲುಗು ಸೀಮೆಯ ಮೀನುಗಾರರು ಇದನ್ನು ದೆವ್ವದ ಮೀನು ಅಂತಾರೆ. ಆಲಮಟ್ಟಿ ನೀರು ಬಂದ ಮೇಲೆ ನಮ್ಮ ಹಳೇ ಊರಿನ ಅರ್ಧ ಮಂದಿ ನವನಗರಕ್ಕೆ ಬಂದರು, ಎಷ್ಟೋ ಜನ ಆ ಹಿನ್ನೀರಿನಲ್ಲೇ ಬಲೆ ಹಾಕಿ ಉಣ್ಣುತ್ತಾರೆ. ಅವರ ಬಲೆಗೆ ನಿಮ್ಮ ಗೆಳೆಯರ ಸಕ್ಕರ್ ಬೀಳಬಾರದು. ಸಾಕಲಿಕ್ಕೆ ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಿ, ದುಡ್ಡು ಕೇಳಬೇಡಿ.

ಬಾವಡಿ ಮೀನು, ವಿಜಯಪುರ
ತಪ್ಪಾಯ್ತ್ರೀ. ಗೆಳೆಯನಿಗೂ ಹೇಳ್ತೀನಿ, ಆದರೆ ಅದು ಈಗಾಗಲೇ ಕೆರೆಯಲ್ಲಿ ಸಂಸಾರ ಹೂಡಿರಬೇಕು.

ಬಾಳೆಎಲೆ, ಗೋಕಾಕ
ನಡುವೆ ಬಂದೆ, ಕ್ಷಮಿಸಿ. ವಾಸ್ತು ಹೇಳಿದವರು ನಮ್ಮ ಹಾಲಿನಲ್ಲಿ ಎಂಟು ಕೆಂಪು, ಒಂದು ಕಪ್ಪು ಗೋಲ್ಡ್‌ಫಿಶ್ ಇಡಿಸಿದ್ದಾರೆ. ಎಲ್ಲಾ ಒಂದೇ ಜಾತಿ ಅಲ್ವಾ, ಇದರಲ್ಲಿ ತೊಂದರೆ ಇಲ್ಲ ತಾನೆ? ಕಪ್ಪು ಮಾತ್ರ ದಿನೇ ದಿನೇ ಬಡವಾಗ್ತಿದೆ. ದೃಷ್ಟಿ ಎಲ್ಲಾ ಅದೇ ತಗೊಳ್ತಿದೆ ಅಂತಾರೆ ನಮ್ಮತ್ತೆ.

ಕುಂದಾ ಪ್ರಿಯ, ಬೆಳಗಾವಿ
ದೃಷ್ಟಿ ತಗೊಳ್ತಿಲ್ಲ ಅಕ್ಕಾ, ಅದಕ್ಕೆ ದೃಷ್ಟಿಯೇ ಮಂದ 😅 ಕಣ್ಣು ಹೊರಗೆ ಬಂದಿರುವ ಕಪ್ಪು ಮೀನು ತಾನೆ? ಅದು ಬ್ಲ್ಯಾಕ್ ಮೂರ್. ಸರಿಯಾಗಿ ಕಾಣುವುದಿಲ್ಲ, ನಿಧಾನ ಈಜುತ್ತದೆ. ನಿಮ್ಮ ಕೆಂಪು ಮೀನುಗಳು ಉದ್ದ ಮೈಯ ಕಾಮೆಟ್ ಆಗಿದ್ದರೆ ಅದು ಬಾಯಿ ತೆರೆಯುವುದರೊಳಗೆ ಎಲ್ಲಾ ತಿಂದು ಮುಗಿಸುತ್ತವೆ. ಜಾತಿ ಒಂದೇ ಆದರೂ ವೇಗ ಒಂದೇ ಅಲ್ಲ. ಕಪ್ಪು ಮೀನಿಗೆ ಮುಳುಗುವ ಕಾಳನ್ನು ಒಂದು ಮೂಲೆಯಲ್ಲಿ ಬೇರೆ ಹಾಕಿ, ಅಥವಾ ಉರುಟು ಮೈಯವನ್ನೇ ಜೊತೆಗಿಡಿ. ಒಂಬತ್ತಕ್ಕೆ ಟ್ಯಾಂಕ್ ಎಷ್ಟು ದೊಡ್ಡದು ಅಂತ ಕೇಳುವುದಿಲ್ಲ, ಕೇಳಿದರೆ ಜಗಳ ಆಗುತ್ತದೆ.

ಸವಳು ನೀರು, ಇಳಕಲ್
ಎಲ್ಲರೂ ಯಾವ ಮೀನಿನ ಜೊತೆ ಯಾವ ಮೀನು ಅಂತ ಲೆಕ್ಕ ಹಾಕ್ತಿದ್ದೀರಿ. ನಾನು ಹತ್ತು ವರ್ಷದ ಮೇಲೆ ಕಲಿತದ್ದು ಒಂದೇ. ಮೊದಲು ನಿಮ್ಮ ಮನೆಗೆ ಯಾವ ನೀರು ಬರುತ್ತದೆ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ನಮ್ಮದು ಬೋರಿನ ನೀರು. ಬಕೆಟ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಇಂಥ ಗಡಸು ನೀರಿನಲ್ಲಿ ನಿಯಾನ್ ತರುವುದು, ಏಂಜೆಲ್ ತರುವುದು, ಸಾಯಿಸುವುದು, ಇದೇ ಆಯ್ತು ನನ್ನ ಮೊದಲ ಮೂರು ವರ್ಷ. ಅವು ಅಮೆಜಾನ್ ಕಡೆಯ ಮೆತ್ತನೆ ನೀರಿನ ಮೀನು. ಶುದ್ಧ ನೀರಿನ ಘಟಕದಿಂದ 5 ರೂಪಾಯಿ ಕಾಯಿನ್ ಹಾಕಿ ಕ್ಯಾನ್ ಕ್ಯಾನ್ ನೀರು ಹೊತ್ತು ತಂದೆ. ಬರೀ ಆರ್‌ಓ ನೀರಿನಲ್ಲಿ ಖನಿಜವೇ ಇರುವುದಿಲ್ಲ, ಪಿಎಚ್ ಒಂದೇ ಸಲ ಬೀಳುತ್ತದೆ, ಅದಕ್ಕೆ ಮತ್ತೆ ಬೋರಿನ ನೀರು ಬೆರೆಸಬೇಕು. ಮೀನಿಗಾಗಿ ಸ್ಕೂಟರಿನ ಮೇಲೆ ನೀರು ಸಾಗಿಸ್ತಾನೆ ಅಂತ ಓಣಿಯ ಮಂದಿ ನಗ್ತಿದ್ದರು.

ಕೊನೆಗೆ 4 ಅಡಿ ಟ್ಯಾಂಕಿಗೆ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ತಂದೆ. ಹಳದಿ, ನೀಲಿ, ಪಟ್ಟೆ. ಅವುಗಳ ಸರೋವರದ ಪಿಎಚ್ 8ರ ಹತ್ತಿರ. ನಮ್ಮ ಬೋರು ಅವಕ್ಕೆ ತವರುಮನೆ. ಕಲ್ಲು ಜೋಡಿಸಿ ಗವಿ ಮಾಡಿದ್ದೇನೆ. ಜಗಳಗಂಟ ಮೀನು, ಎರಡು ಮೂರು ಇಟ್ಟರೆ ಒಂದು ಇನ್ನೊಂದನ್ನು ಕೊಲ್ಲುತ್ತದೆ, ಆದರೆ 15 ಇಟ್ಟರೆ ಸಿಟ್ಟು ಹಂಚಿ ಹೋಗುತ್ತದೆ, ಯಾರನ್ನು ಅಟ್ಟಬೇಕು ಅಂತಲೇ ಗೊತ್ತಾಗುವುದಿಲ್ಲ. ಹಾಗೆ ತುಂಬಿಸಿದರೆ ಫಿಲ್ಟರ್ ಡಬಲ್ ಬೇಕು. ಮತ್ತೆ ಇವು ಕಲ್ಲಿನ ಮೇಲಿನ ಪಾಚಿ ತಿನ್ನುವ ಜಾತಿ, ಒಣ ಸಿಗಡಿ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬಿ ಸಾಯುತ್ತವೆ. ಇವುಗಳ ಜೊತೆ ಬೇರೆ ಯಾವ ಮೀನೂ ಬೇಡ.

ಕುಂದಾ ಪ್ರಿಯ, ಬೆಳಗಾವಿ
ಹೊಸಬರಿಗೆ ಆಫ್ರಿಕನ್ ಸಿಕ್ಲಿಡ್ ಹೇಳ್ತಿದ್ದೀರಲ್ಲ! ನೀರಿನ ಮಾತು ಮಾತ್ರ ಒಪ್ಪುತ್ತೇನೆ. ನಮಗೆ ರಾಕಸಕೊಪ್ಪ ಜಲಾಶಯದ ಮೆತ್ತನೆ ನೀರು, ಅದಕ್ಕೇ ನನ್ನ ಹತ್ತಿರ ಟೆಟ್ರಾ ನಿಲ್ಲುತ್ತವೆ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಸವಳು ನೀರು, ಇಳಕಲ್
2 ಅಡಿಗೆ ಸಿಕ್ಲಿಡ್ ನಾನು ಹೇಳಿಲ್ಲ. ಅವರಿಗೆ ಗಪ್ಪಿ, ಪ್ಲಾಟಿ, ಮೊಲ್ಲಿ ಸಾಕು. ಮೂರೂ ಗಡಸು ನೀರಿನಲ್ಲಿ ಖುಷಿಯಾಗಿರುತ್ತವೆ, ಒಂದೇ ಬಿಸಿ, ಒಂದೇ ಊಟ, ಯಾರ ಬಾಯಿಗೂ ಯಾರೂ ಹಿಡಿಸುವುದಿಲ್ಲ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಡಿ. ಗಂಡು ಜಾಸ್ತಿ ಆದರೆ ಹೆಣ್ಣಿನ ಬೆನ್ನು ಬಿಡುವುದಿಲ್ಲ, ಅದು ದಣಿದು ಸಾಯುತ್ತದೆ. ಶುರುವಿಗೆ ಐದಾರು ಸಾಕು.

ನವನಗರ ನೀರು, ಬಾಗಲಕೋಟೆ
ಬೇಸಿಗೆ ಬಗ್ಗೆ ಒಂದು ಮಾತು. ಹೊರಗೆ 40 ದಾಟಿದಾಗ ಟ್ಯಾಂಕಿನ ನೀರೂ 32ಕ್ಕೆ ಹೋಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿದರೆ 30ರಲ್ಲಿ ಏಳೂವರೆ ಅಷ್ಟೇ. ಅದಕ್ಕೇ ಚಳಿಗಾಲದಲ್ಲಿ ಚೆನ್ನಾಗಿದ್ದ ತುಂಬಿದ ಟ್ಯಾಂಕ್ ಮೇ ತಿಂಗಳಲ್ಲಿ ಕರೆಂಟ್ ಹೋದ ಎರಡು ತಾಸಿಗೆ ಮಗುಚಿಕೊಳ್ಳುತ್ತದೆ. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಇಲ್ಲದಿದ್ದರೆ ಲೋಟದಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಹೊಯ್ಯಿರಿ, ನಾನು ಒಂದು ಮದುವೆ ಬಿಟ್ಟು ಹೊಯ್ದಿದ್ದೇನೆ.

ಗುಮ್ಮಟದ ನೆರಳು, ವಿಜಯಪುರ
ಎಲ್ಲರಿಗೂ ಭಾಳ ಉಪಕಾರ ಆಯ್ತ್ರೀ. ಶಾರ್ಕ್ ಎರಡೂ ಅಂಗಡಿಗೆ ಹೋದವು. ಗೋಲ್ಡ್‌ಫಿಶ್ ಮೂರೂ ಬಾವಡಿಯವರ ಸಿಮೆಂಟ್ ತೊಟ್ಟಿಗೆ. ಏಂಜೆಲ್ ಮತ್ತು ಮೂರು ನಿಯಾನ್ ನಾಲ್ಕಡಿ ಕಾಕಾ ಒಯ್ದರು. ಸಕ್ಕರ್ ಮಾತ್ರ ಮಗಳು ಬಿಡ್ತಿಲ್ಲ. ಅದು ಗಾಜಿಗೆ ಬಾಯಿ ಅಂಟಿಸಿದಾಗ ಇವಳು ಹೊರಗಿನಿಂದ ಮುತ್ತು ಕೊಡ್ತಾಳೆ. ದೊಡ್ಡದಾಗುವವರೆಗೆ ಅಂತ ಒಪ್ಪಂದ ಆಗಿದೆ. ನಾಲ್ಕು ವಾರ ಟ್ಯಾಂಕ್ ಹಾಗೇ ನಡೆಸಿ ಆಮೇಲೆ ಗಪ್ಪಿ ತರ್ತೀನಿ.

ನಾಲ್ಕಡಿ ಟ್ಯಾಂಕ್, ವಿಜಯಪುರ
ಹತ್ತು ದಿನ ಆಯ್ತು. ಹೇಳಬಾರದು ಅಂದ್ಕೊಂಡಿದ್ದೆ. ಗುಮ್ಮಟದವರೇ, ನಿಮ್ಮ ಏಂಜೆಲ್ ನನ್ನ ಎರಡು ನಿಯಾನ್ ತಿಂದವು. ನನ್ನ ಏಂಜೆಲ್ ಸುಮ್ಮನೆ ನೋಡ್ತಾ ಇದ್ದವು.

ಕುಂದಾ ಪ್ರಿಯ, ಬೆಳಗಾವಿ
ಕಾಕಾ, ನಾನು ಏನೂ ಅನ್ನಲ್ಲ.

ನಾಲ್ಕಡಿ ಟ್ಯಾಂಕ್, ವಿಜಯಪುರ
ಅನ್ನಬೇಡ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಎಲ್ಲಿ ಸಿಗ್ತದೆ ಅಷ್ಟು ಹೇಳು.

ಗುಮ್ಮಟದ ನೆರಳು, ವಿಜಯಪುರ
ಎರಡೂವರೆ ತಿಂಗಳ ಮೇಲೆ ಬರೀತಿದ್ದೇನೆ. ಎರಡು ಗಂಡು, ನಾಲ್ಕು ಹೆಣ್ಣು ಗಪ್ಪಿ, ಎರಡು ಕಪ್ಪು ಮೊಲ್ಲಿ ತಂದೆ, ಒಂದೂ ಸತ್ತಿಲ್ಲ. ಫೈಟರಿನ ಬಾಲ ತುದಿಯಲ್ಲಿ ಹೊಸದಾಗಿ ಬಂದಿದೆ, ಅದು ಅಡುಗೆಮನೆ ಕಟ್ಟೆಯ ಮೇಲೆ ಒಬ್ಬನೇ ದರ್ಬಾರು ಮಾಡ್ತಿದೆ. ಈಗ ತೊಂದರೆ ಬೇರೆ. ಮೊದಲು ಒಂದು ಗಪ್ಪಿ ಹದಿನೆಂಟು ಮರಿ ಹಾಕಿತು, ಆಮೇಲೆ ಇನ್ನೊಂದು ಗಪ್ಪಿಯೂ ಹಾಕಿತು, ಎಣಿಸುವುದು ಬಿಟ್ಟಿದ್ದೇವೆ. ಒಂದಷ್ಟು ಮರಿಯನ್ನು ಅವ್ವಂದಿರೇ ತಿಂದವು, ಆದರೂ ಇಷ್ಟು ಉಳಿದಿವೆ. ಗಂಡು ಬೇರೆ ಮಾಡಿದರೂ ಹೆಣ್ಣು ತಿಂಗಳಿಗೊಮ್ಮೆ ಮರಿ ಹಾಕ್ತಾನೇ ಇದೆಯಲ್ರೀ, ಇದು ಹೇಗೆ?

ಟೀಚರಕ್ಕ, ಜಮಖಂಡಿ
ಒಂದು ಸಲ ಗಂಡಿನ ಜೊತೆ ಕೂಡಿದರೆ ಆ ಬೀಜವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಕಾಪಿಟ್ಟುಕೊಳ್ಳುತ್ತದೆ. ಇನ್ನೂ ಮೂರ್ನಾಲ್ಕು ಸಲ ಬಾಣಂತನ ಗ್ಯಾರಂಟಿ. ನಮ್ಮ ಶಾಲೆಗೆ ಒಂದು ಹದಿನೈದು ಕೊಡ್ರಿ. ಈ ಸಲ ಫೈಟರ್ ಇಲ್ಲ.

ಗುಮ್ಮಟದ ನೆರಳು, ವಿಜಯಪುರ
ಮೂವತ್ತು ತಗೊಳ್ಳಿ ಅಕ್ಕಾರೆ. ಬೇರೆ ಯಾರಿಗಾದರೂ ಬೇಕಾದರೂ ಹೇಳಿ, ಬರುವಾಗ ಡಬ್ಬಿ ನೀವೇ ತನ್ನಿ, ನಮ್ಮ ಮನೆಯ ಡಬ್ಬಿ ಎಲ್ಲಾ ಮುಗಿದಿವೆ.